ಮುರಿಯಲಾಗದ ದಾಖಲೆಗಳ ಊರಿನಲ್ಲಿ

ಅಮೆರಿಕದಿಂದ ಬಂದ ಮೇಲೆ ನಾನು ರಾಜಾಜಿನಗರದಲ್ಲಿ ಸೊಪ್ಪು ತರಲು ಹೋದರೂ ಜನ ನಿಲ್ಲಿಸಿ ಕೇಳುತ್ತಾರೆ. ಕಟ್ಟಡಗಳು ನಿಜವಾಗಿಯೂ ಅಷ್ಟು ಎತ್ತರವೇ, ನಯಾಗರ ನೋಡಿದಿರಾ, ಊಟಕ್ಕೆ ಏನು ಮಾಡಿಕೊಂಡಿರಿ. ನಯಾಗರ ನೋಡಲಿಲ್ಲ ಎಂದರೆ ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಅಷ್ಟು ದೂರ ಹೋಗಿ ಮತ್ತೇನು ನೋಡಿದಿರಿ ಎನ್ನುತ್ತಾರೆ. ಒಂದು ಆಸ್ಪತ್ರೆ ನೋಡಿದೆ, ಒಂದು ಆಟ ನೋಡಿದೆ. ಆಟದ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಆಸ್ಪತ್ರೆ ಅದರೊಳಗೇ ಬರುತ್ತದೆ, ತಪ್ಪಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಹೋದವರು ನಾನು ಮತ್ತು ನನ್ನ ತಮ್ಮ ಮಲ್ಲಿಕಾರ್ಜುನ. ಎಲ್ಲರಿಗೂ ಅವನು ಮಲ್ಲು. ಕಾಮಾಕ್ಷಿಪಾಳ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದ. ಹೋದ ವರ್ಷ ಅವನ ಎಡಗೈ ಬೆರಳುಗಳು ಹೇಳಿದ ಮಾತು ಕೇಳುವುದನ್ನು ಬಿಟ್ಟವು. ಹೆಬ್ಬೆರಳ ಬುಡದ ಮಾಂಸ ಕರಗಿ ಅಲ್ಲಿ ಗುಳಿ ಬಿತ್ತು. ತೋಳಿನ ಚರ್ಮದ ಕೆಳಗೆ ಸುಮ್ಮಸುಮ್ಮನೆ ಅದುರತೊಡಗಿತು. ಬೆಂಗಳೂರಿನ ದೊಡ್ಡ ಡಾಕ್ಟರು ನರಗಳು ಸೋಲುತ್ತಿವೆ, ಇದಕ್ಕೆ ಮದ್ದಿಲ್ಲ ಎಂದರು. ಬೆಂಗಳೂರಿನಲ್ಲಿ ಮದ್ದಿಲ್ಲದಿದ್ದರೆ ಅಮೆರಿಕದಲ್ಲೂ ಇರಬಾರದೆಂದೇನು ಎಂದು ನಾನು ಹಟ ಹಿಡಿದೆ. ನಮ್ಮ ದೊಡ್ಡಪ್ಪನ ಮಗಳು ಗಿರಿಜ ಡೆಟ್ರಾಯಿಟ್‌ನಲ್ಲಿದ್ದಳು, ಅವಳ ಗಂಡ ಅಲ್ಲಿ ಡಾಕ್ಟರು. ಬನ್ನಿ, ತೋರಿಸೋಣ ಎಂದು ಬರೆದರು. ಮಲ್ಲುವಿನ ಹೆಂಡತಿ ಬಾಣಂತಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳಾದ್ದರಿಂದ ಜೊತೆಗೆ ನಾನೇ ಹೊರಟೆ.

ಕೈ ಹೋದರೆ ಲೇತ್ ಹೋಗುತ್ತದೆ ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ಮಲ್ಲುವಿನ ಭಯ ಬೇರೆ ಇತ್ತು. ನಾವು ಲಿಂಗಾಯತರು. ಸಣ್ಣ ಹುಡುಗನಾಗಿದ್ದಾಗ ದೀಕ್ಷೆಯಾದ ದಿನದಿಂದ ಅವನು ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜೆ ಮಾಡದೆ ಒಂದು ತೊಟ್ಟು ನೀರು ಕುಡಿದವನಲ್ಲ. ಟೈಫಾಯಿಡ್ ಬಂದಾಗ ತಪ್ಪಿಸಲಿಲ್ಲ, ಅಪ್ಪ ತೀರಿಕೊಂಡ ದಿನವೂ ತಪ್ಪಿಸಲಿಲ್ಲ. ನಾನೂ ಲಿಂಗ ಕಟ್ಟಿದವಳೇ. ಆದರೆ ಸ್ಕೂಲಿನ ಗಡಿಬಿಡಿಯಲ್ಲಿ ನನ್ನ ಪೂಜೆ ಎಷ್ಟೋ ದಿನ ಕಣ್ಣಿಗೊತ್ತಿಕೊಳ್ಳುವುದರಲ್ಲೇ ಮುಗಿದುಹೋಗುತ್ತದೆ. ಅವನದು ಹಾಗಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಅದು ಅಂಗೈಯಿಂದ ಜಾರಿ ನೆಲಕ್ಕೆ ಬೀಳುವ ಹಾಗಿಲ್ಲ. ಬಿದ್ದರೆ ಅದಕ್ಕಿಂತ ದೊಡ್ಡ ಅನಾಹುತ ನಮ್ಮ ಮನೆಗಳಲ್ಲಿ ಇಲ್ಲ. ಅವನ ಆ ಅಂಗೈಯೇ ಈಗ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಅಮೆರಿಕದ ಡಾಕ್ಟರು ಏನು ಕೊಡದಿದ್ದರೂ ಪರವಾಗಿಲ್ಲ, ಆ ಅಂಗೈಯನ್ನು ಕೊಟ್ಟರೆ ಸಾಕು ಎಂದು ಅವನು ವಿಮಾನ ಹತ್ತಿದ.

ನ್ಯೂಯಾರ್ಕ್

ನ್ಯೂಯಾರ್ಕಿನಲ್ಲಿ ವಿಮಾನ ಬದಲಾಯಿಸಬೇಕಿತ್ತು. ವಿಮಾನ ಅಪಹರಣದ ಭಯದಿಂದ ಅಲ್ಲಿ ಎಲ್ಲರನ್ನೂ ಒಂದು ಚೌಕಟ್ಟಿನೊಳಗೆ ನಡೆಸುತ್ತಾರೆ. ಮಲ್ಲು ನಡೆದಾಗ ಅದು ಕೂಗಿಕೊಂಡಿತು. ಲಿಂಗವಿರುವ ಬೆಳ್ಳಿಯ ಕರಡಿಗೆಗೆ ಅದು ಕೂಗಿದ್ದು. ಅಲ್ಲಿದ್ದ ಯುವಕ ಅದನ್ನು ಬಿಚ್ಚಿ ತಟ್ಟೆಯಲ್ಲಿಡು ಎಂದ. ಮಲ್ಲು ಬಲಗೈಯಿಂದ ಎದೆ ಹಿಡಿದುಕೊಂಡು ನಿಂತುಬಿಟ್ಟ. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಅದು ದೇವರು, ಮೈಯಿಂದ ತೆಗೆಯುವ ಹಾಗಿಲ್ಲ ಎಂದೆ. ದೇವರಾದರೂ ತಟ್ಟೆಗೆ ಬರಬೇಕು ಎಂದ ಆ ಯುವಕ.

ಅಷ್ಟರಲ್ಲಿ ತಲೆ ನರೆತ ಇನ್ನೊಬ್ಬ ಅಧಿಕಾರಿ ಬಂದ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನೀನೇ ಮುಚ್ಚಳ ತೆಗೆದು ತೋರಿಸು ಎಂದು ಮಲ್ಲುವಿಗೆ ಸನ್ನೆ ಮಾಡಿದ. ಒಂದೇ ಕೈಯಲ್ಲಿ ಮುಚ್ಚಳ ಬಿಚ್ಚುವುದು ಸುಲಭವಲ್ಲ. ನಮ್ಮ ಹಿಂದೆ ಉದ್ದನೆಯ ಸಾಲು ನಿಂತಿತ್ತು. ಮಾಗಡಿ ರಸ್ತೆಯ ಬಸ್ ಸ್ಟಾಪಿನಲ್ಲಾದರೆ ಅಷ್ಟು ಹೊತ್ತಿಗೆ ನಮ್ಮ ವಂಶವನ್ನೆಲ್ಲ ಜಾಲಾಡಿರುತ್ತಿದ್ದರು. ಇಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಧಿಕಾರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ, ತಲೆಯಾಡಿಸಿ ಕಳಿಸಿದ.

"ಮುಟ್ಟಲಿಲ್ಲ ನೋಡಕ್ಕ ಅವ್ನು," ಎಂದ ಮಲ್ಲು, ವಿಮಾನದಲ್ಲಿ ಕೂತ ಮೇಲೆ. "ಒಳ್ಳೇದಾಗುತ್ತೆ ಬಿಡು."

ನಾನೂ ಹಾಗೆಯೇ ನಂಬಿದೆ. ಆ ದಿನಗಳಲ್ಲಿ ಟ್ಯಾಕ್ಸಿಯವನು ನಕ್ಕರೂ ನಾನು ಶುಭ ಶಕುನ ಎಂದುಕೊಳ್ಳುತ್ತಿದ್ದೆ.

ಗಿರಿಜಳ ಮನೆ

ಡೆಟ್ರಾಯಿಟ್‌ನಲ್ಲಿ ಮನೆಗಳ ನಡುವೆ ಕಾಂಪೌಂಡ್ ಗೋಡೆ ಇಲ್ಲ. ಒಬ್ಬರ ಹುಲ್ಲು ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆಂದು ತಿಳಿಯುವುದಿಲ್ಲ. ನಮ್ಮ ರಸ್ತೆಯಲ್ಲಿ ಅರ್ಧ ಅಡಿ ಗೋಡೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಇಲ್ಲಿ ಇಷ್ಟು ಧಾರಾಳವಾಗಿ ಬಯಲು ಬಿಟ್ಟುಕೊಂಡವರು ಸ್ನಾನದ ಮನೆಗೆ ಮಾತ್ರ ಜಮಖಾನ ಹಾಸಿದ್ದರು. ಅದು ನಮಗೇನು ಗೊತ್ತು. ಮೊದಲ ದಿನ ಮಲ್ಲು ಬಕೆಟ್ಟು ತುಂಬಿಸಿಕೊಂಡು, ತೊಟ್ಟಿಯ ಹೊರಗೆ ನಿಂತು, ಊರಿನಲ್ಲಿ ಮಾಡುವ ಹಾಗೆ ಚೊಂಬಿನಲ್ಲಿ ಸುರಿದುಕೊಂಡ. ಕೆಳಗಿನ ಅಡುಗೆಮನೆಯಲ್ಲಿ ಗಿರಿಜ ಹಾಲು ಕಾಯಿಸುತ್ತಿದ್ದಳು. ಸೂರಿನಿಂದ ನೀರು ಹಾಲಿಗೇ ತೊಟ್ಟಿಕ್ಕಿತು. ಪಾಪ, ಅವಳು ಬೈಯಲಿಲ್ಲ.

ಸ್ನಾನ ಮುಗಿಸಿ ಅವನು ಪೂಜೆಗೆ ಕೂತ. ಪತ್ರೆ ಸಿಗದ ಊರು. ಗಿರಿಜ ಹಿತ್ತಲಿನಿಂದ ಹೆಸರು ತಿಳಿಯದ ಒಂದು ಹೂ ತಂದುಕೊಟ್ಟಿದ್ದಳು. ಊರಿನಲ್ಲಿ ಮೊಣಕೈಯನ್ನು ಮಂಡಿಗೆ ಊರಿಕೊಂಡು ಹೇಗೋ ನಿಭಾಯಿಸುತ್ತಿದ್ದ. ಪ್ರಯಾಣದ ದಣಿವೋ ಏನೋ, ಅವತ್ತು ಅಂಗೈ ಒಂದು ಬದಿಗೆ ವಾಲಿತು. ಲಿಂಗ ಅಂಚಿಗೆ ಬಂತು. ನಾನು ಹಾರಿ ಹೋಗಿ ಅವನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡೆ. ಲಿಂಗ ಮುಟ್ಟಲಿಲ್ಲ, ಕೈ ಮಾತ್ರ ಹಿಡಿದೆ. ಅವನು ನೀರೆರೆದು ಪೂಜೆ ಮುಗಿಸಿದ. ಮಾರನೆಯ ದಿನದಿಂದ ನಾನು ಕರೆಯದೆಯೇ ಹೋಗಿ ಅವನೆದುರು ಕೂತು ಮಣಿಕಟ್ಟು ಹಿಡಿಯತೊಡಗಿದೆ. ಅವನ ಮುಖ ನೋಡುವ ಧೈರ್ಯವಿಲ್ಲದೆ ಗೋಡೆ ನೋಡುತ್ತಿದ್ದೆ.

ಪಕ್ಕದ ಮನೆಯಲ್ಲಿ ವಾಲ್ಟರ್ ಎಂಬ ಮುದುಕ. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಹೆಂಡತಿ ತೀರಿಕೊಂಡಿದ್ದಾಳೆ. ಸಂಜೆಯಾದರೆ ಮುಂಬಾಗಿಲ ಮೆಟ್ಟಿಲ ಮೇಲೆ ರೇಡಿಯೋ ಇಟ್ಟುಕೊಂಡು ಅದನ್ನು ಬೈಯುತ್ತಿದ್ದ. ತಲೆ ಕೆಟ್ಟಿರಬೇಕು ಎಂದುಕೊಂಡೆ. ಬೇಸ್‌ಬಾಲ್ ಕಾಮೆಂಟರಿ ಎಂದಳು ಗಿರಿಜ. ನಮ್ಮಲ್ಲಿ ಟೆಸ್ಟ್ ಮ್ಯಾಚ್ ಇದ್ದಾಗ ಚಿಕ್ಕಪ್ಪ ರೇಡಿಯೋ ಬೈಯುವುದು ನೆನಪಾಗಿ ಅವನ ಮೇಲೆ ಸ್ವಲ್ಪ ವಿಶ್ವಾಸ ಬಂತು.

ಆಸ್ಪತ್ರೆ

ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ಡಾಕ್ಟರು ಮನೆಯವರನ್ನು ಹೊರಗೆ ಕರೆದು ಹೇಳುತ್ತಾರೆ. ರೋಗಿಗೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ರೋಗಿಯೂ ನಂಬಿದಂತೆ ನಟಿಸುತ್ತಾನೆ. ಇಲ್ಲಿ ಹಾಗಲ್ಲ. ಕೈಕಾಲುಗಳಿಗೆಲ್ಲ ಸೂಜಿ ಚುಚ್ಚಿ ಪರೀಕ್ಷೆ ಮುಗಿಸಿದ ಮೇಲೆ ಡಾಕ್ಟರು ಮಲ್ಲುವನ್ನೇ ಎದುರು ಕೂರಿಸಿಕೊಂಡು, ಒಂದೊಂದು ವಾಕ್ಯ ಹೇಳಿ ನನ್ನ ಕಡೆ ತಿರುಗಿ ಕಾಯುತ್ತಿದ್ದರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ಬಲಗೈಗೂ ಬರುತ್ತದೆ. ಆಮೇಲೆ ಕಾಲು. ಆಮೇಲೆ ನುಂಗುವುದು, ಉಸಿರಾಡುವುದು. ಬುದ್ಧಿ ಕೊನೆಯವರೆಗೂ ಚೆನ್ನಾಗಿರುತ್ತದೆ. ಎರಡು ವರ್ಷವೋ ಮೂರೋ. ನನ್ನ ಬಾಯಿಂದಲೇ ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಇದಕ್ಕಾಗಿಯೇ ನಾನು ಇಂಗ್ಲಿಷ್ ಕಲಿತೆನೇನೋ ಅನ್ನಿಸಿತು.

ಮಲ್ಲು ಒಂದೇ ಮಾತು ಕೇಳಿದ. "ಈ ಕೈ ವಾಪಸ್ ಬರುತ್ತಾ ಅಂತ ಕೇಳಕ್ಕ."

ಕೇಳಿದೆ. ಬರುವುದಿಲ್ಲ ಎಂದರು. ಆಮೇಲೆ, ಈ ಕಾಯಿಲೆ ನಿಮಗೂ ಗೊತ್ತಿರಬೇಕಲ್ಲ, ಎಂದು ಒಬ್ಬ ಬೇಸ್‌ಬಾಲ್ ಆಟಗಾರನ ಹೆಸರು ಹೇಳಿದರು. ಆ ದೇಶದಲ್ಲಿ ಜನ ಈ ಕಾಯಿಲೆಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರಂತೆ. ಗೊತ್ತಿಲ್ಲ ಎಂದೆವು. ಬೆಂಗಳೂರು ಎಲ್ಲಿದೆ ಎಂದು ತಿಳಿಯದ ಆ ಮನುಷ್ಯನಿಗೆ ನಮ್ಮ ಅಜ್ಞಾನ ನೋಡಿ ಬೇಸರವಾಯಿತು. ಬೋಸ್ಟನ್ನಿನಲ್ಲಿ ಇದರ ಮೇಲೆ ಸಂಶೋಧನೆ ಮಾಡುವ ಒಬ್ಬರಿದ್ದಾರೆ, ಬೇಕಾದರೆ ತೋರಿಸಿ, ಆದರೆ ಅವರೂ ಇದನ್ನೇ ಹೇಳಬಹುದು ಎಂದರು. ನನಗೆ ಬೋಸ್ಟನ್ ಎಂಬುದಷ್ಟೇ ಕೇಳಿಸಿತು. ಅವತ್ತೇ ಗಿರಿಜಳ ಗಂಡನಿಗೆ ದುಂಬಾಲು ಬಿದ್ದು ಅಲ್ಲಿಗೆ ಮುಂದಿನ ಸೋಮವಾರದ ಸಮಯ ಗೊತ್ತು ಮಾಡಿಸಿದೆ. ಹೊರಗೆ ಬರುವಾಗ ಬಾಗಿಲ ಬಳಿಯ ಹುಡುಗಿ ನಗುತ್ತಾ ಹ್ಯಾವ್ ಎ ನೈಸ್ ಡೇ ಎಂದಳು. ಅಲ್ಲಿ ಎಲ್ಲರಿಗೂ ಹಾಗೆ ಹೇಳುತ್ತಾರೆ, ಅವಳದೇನೂ ತಪ್ಪಿಲ್ಲ. ಆದರೂ ಅವಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವಾಲ್ಟರ್‌ನ ಮೆಟ್ಟಿಲು

ಆ ಆಟಗಾರ ಯಾರು ಎಂದು ಮಲ್ಲುವಿಗೆ ತಿಳಿಯಬೇಕಿತ್ತು. ನನಗೆ ಬೇಕಿರಲಿಲ್ಲ. ಸಂಜೆ ಅವನೇ ಎದ್ದು ವಾಲ್ಟರ್‌ನ ಮೆಟ್ಟಿಲ ಹತ್ತಿರ ಹೋದ. ನಾನು ಹಿಂದೆ ಹೋಗಿ ಕೇಳಿದೆ. ಏಕೆ ಕೇಳುತ್ತಿದ್ದೀರಿ ಎಂದ ವಾಲ್ಟರ್. ಹೇಳಿದೆ. ಮುದುಕ ಮಲ್ಲುವಿನ ಕೈ ನೋಡಿದ, ರೇಡಿಯೋ ಆರಿಸಿದ, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಆಟ ನಡೆಯುತ್ತಿರುವಾಗ ಅವನು ರೇಡಿಯೋ ಆರಿಸಿದ್ದನ್ನು ತಾನು ನೋಡಿಯೇ ಇಲ್ಲ ಎಂದಳು ಗಿರಿಜ, ಆಮೇಲೆ.

ದುಃಖದಲ್ಲಿರುವವರ ಜೊತೆ ಏನು ಮಾತಾಡಬೇಕೆಂದು ಅಲ್ಲಿನ ಗಂಡಸರಿಗೆ ತಿಳಿಯದು, ಇಲ್ಲಿನವರಿಗಾದರೂ ಎಲ್ಲಿ ತಿಳಿಯುತ್ತದೆ. ವಾಲ್ಟರ್ ದಾಖಲೆಗಳ ವಿಷಯ ಎತ್ತಿದ. ಬೇಸ್‌ಬಾಲ್‌ನಲ್ಲಿ ಯಾರೂ ಯಾವತ್ತೂ ಮುರಿಯಲಾಗದ ದಾಖಲೆಗಳಿವೆ ಎಂದ. ಒಬ್ಬ ದಾಂಡಿಗ ಸತತ ಐವತ್ತಾರು ಆಟಗಳಲ್ಲಿ, ಒಂದರಲ್ಲೂ ಬರಿಗೈಯಲ್ಲಿ ಹೋಗದೆ, ಚೆಂಡನ್ನು ಸರಿಯಾಗಿ ಬಾರಿಸಿದ್ದಾನೆ. ಹಳೇ ಕಾಲದ ಒಬ್ಬ ಬೌಲರ್ ಐನೂರಕ್ಕೂ ಹೆಚ್ಚು ಆಟ ಗೆದ್ದಿದ್ದಾನೆ. ಈಗಿನವರು ಮುನ್ನೂರು ಮುಟ್ಟಿದರೆ ಹಬ್ಬ. ಇನ್ನೊಬ್ಬ ಬೌಲರ್ ಬೆನ್ನುಬೆನ್ನಿಗೆ ಎರಡು ಆಟಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಹೊಡೆತ ಕೊಟ್ಟಿಲ್ಲ. ಅದನ್ನು ಮುರಿಯಬೇಕಾದರೆ ಬೆನ್ನುಬೆನ್ನಿಗೆ ಮೂರು ಆಗಬೇಕು, ಅದು ಯಾರಪ್ಪನಿಂದ ಸಾಧ್ಯ ಎಂದ.

ಮಲ್ಲು ಒಂದೊಂದನ್ನೂ ನನ್ನಿಂದ ಕನ್ನಡಕ್ಕೆ ಹಾಕಿಸಿಕೊಂಡು ಕೇಳಿದ. ಆಮೇಲೆ ತನ್ನ ಲೆಕ್ಕ ಹೇಳಿದ. ಐನೂರು ಗೆದ್ದವನದು ಬೇರೆ ಜಾತಿಯ ದಾಖಲೆ. ಅವನು ಒಂದು ದಿನ ಸೋತು ಮನೆಗೆ ಹೋದರೂ ಹಿಂದಿನದು ಎಲ್ಲೂ ಹೋಗುವುದಿಲ್ಲ, ನಾಳೆ ಬಂದು ಇನ್ನೊಂದು ಸೇರಿಸಬಹುದು. ಐವತ್ತಾರರವನದು ಹಾಗಲ್ಲ. ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ. ಅವನು ಯಾರ ವಿಷಯ ಹೇಳುತ್ತಿದ್ದಾನೆಂದು ನನಗೆ ತಿಳಿಯಿತು. ಇದನ್ನು ವಾಲ್ಟರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಮುದುಕ ಮೆಚ್ಚಿ ಅವನ ಬೆನ್ನು ತಟ್ಟಿದ.

ಇಂಥ ದಾಖಲೆ ಯಾವುದೂ ಮುರಿದೇ ಇಲ್ಲವೇ ಎಂದು ನಾನು ಕೇಳಿದೆ. ವಾಲ್ಟರ್ ಮುಖ ಗಂಟಿಕ್ಕಿದ. ಮೈದಾನದಾಚೆಗೆ ಚೆಂಡು ಹೊಡೆದ ಲೆಕ್ಕದಲ್ಲಿ ಯಾರೂ ಮುಟ್ಟಲಾರರು ಎಂದಿದ್ದ ದಾಖಲೆಯೊಂದು ಈಚೆಗೆ ಮುರಿಯಿತು ಎಂದು ಒಪ್ಪಿಕೊಂಡ. ನನಗೆ ಅಷ್ಟೇ ಸಾಕಿತ್ತು. "ನೋಡಿದ್ಯೇನೋ, ಮುರಿಯಲ್ಲ ಅಂದಿದ್ದು ಮುರೀತು," ಎಂದೆ ಮಲ್ಲುವಿಗೆ. "ಬೋಸ್ಟನ್‌ನವ್ರು ಏನಂತಾರೋ ನೋಡೋಣ ಕಣೋ." ಅವನು ನಕ್ಕ. ಕಾಯಿಲೆಯವರು ಮನೆಯವರನ್ನು ಸಮಾಧಾನಪಡಿಸಲು ನಗುವ ನಗು ಅದು, ನನಗೆ ಹಿಡಿಸಲಿಲ್ಲ.

ಕಾಯಿಲೆಯ ಆಟಗಾರನ ಕಥೆಯನ್ನು ವಾಲ್ಟರ್ ಅವತ್ತು ಹೇಳಲಿಲ್ಲ. ಅದನ್ನು ಹೇಳುವ ಜಾಗ ಬೇರೆ ಇದೆ, ಶನಿವಾರ ಕರೆದುಕೊಂಡು ಹೋಗುತ್ತೇನೆ ಎಂದ.

ಮೈದಾನ

ಬೇಸ್‌ಬಾಲ್ ಮೈದಾನದಲ್ಲಿ ಜನ ಆಟ ನೋಡುವುದಕ್ಕಿಂತ ಹೆಚ್ಚಾಗಿ ತಿನ್ನುತ್ತಾರೆ. ಮಾರುವವರು ಮೆಟ್ಟಿಲ ಮೇಲೆ ನಿಂತು ಕಡಲೆಕಾಯಿ ಪೊಟ್ಟಣಗಳನ್ನು ಗುರಿಯಿಟ್ಟು ಎಸೆಯುತ್ತಾರೆ. ಉಳಿದದ್ದೆಲ್ಲ ಮಾಂಸ. ನಾನು ಒಳಗೆ ಏನೂ ಇಡದೆ ಬರೀ ಬನ್ನು, ಈರುಳ್ಳಿ ಕೊಡು ಎಂದೆ. ಮಾರುವವನು ನನ್ನನ್ನು ಎರಡು ಸಲ ಕೇಳಿ, ವಾಲ್ಟರ್‌ನನ್ನು ಒಂದು ಸಲ ಕೇಳಿ, ಕೊನೆಗೆ ನನ್ನ ಎದುರಿಗೇ ಒಳಗಿದ್ದದ್ದನ್ನು ಚಿಮಟದಿಂದ ತೆಗೆದು ಬನ್ನು ಚಾಚಿದ. ಅದನ್ನು ನಾನು ಹೇಗೆ ತಿನ್ನಲಿ. ಇಬ್ಬರೂ ಕಡಲೆಕಾಯಿಯಲ್ಲೇ ಮಧ್ಯಾಹ್ನ ಕಳೆದೆವು. ಮಲ್ಲುವಿಗೆ ಸಿಪ್ಪೆ ಸುಲಿದು ಕೊಟ್ಟೆ.

ಆಟ ನಮ್ಮ ಕ್ರಿಕೆಟ್ಟಿನ ದಾಯಾದಿ. ಒನಕೆಯಂಥ ಗುಂಡು ಬ್ಯಾಟು. ಹೊಡೆದವನು ಅದನ್ನು ಅಲ್ಲೇ ಬಿಸಾಕಿ ಓಡುತ್ತಾನೆ. ಐದು ದಿನ ಆಡಿ ಯಾರೂ ಗೆಲ್ಲದೆ ಕೈಕುಲುಕಿ ಹೋಗುವ ಪದ್ಧತಿ ಅವರಿಗೆ ಅರ್ಥವೇ ಆಗುವುದಿಲ್ಲ. ಆದರೆ ವಸಂತದಿಂದ ಚಳಿಗಾಲದ ಬಾಗಿಲವರೆಗೆ ಹೆಚ್ಚುಕಡಿಮೆ ದಿನಾ ಆಡುತ್ತಾರೆ. ದಿನಾ ಎಂಬುದು ಕೇಳಿ ಮಲ್ಲು ನೆಟ್ಟಗೆ ಕೂತ.

ಆಟದ ಕೊನೆಯ ಭಾಗದಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲರೂ ಎದ್ದು ನಿಂತು ಹಾಡತೊಡಗಿದರು. ನಮ್ಮ ಟಾಕೀಸುಗಳಲ್ಲಿ ಸಿನಿಮಾ ಮುಗಿದ ಮೇಲೆ ಜನಗಣಮನ ಹಾಕುತ್ತಾರಲ್ಲ, ಇದೂ ಹಾಗೇ ಎಂದುಕೊಂಡೆ. ಮಲ್ಲುವಿನ ತೋಳಿಗೆ ಕೈಕೊಟ್ಟು ಎಬ್ಬಿಸಿ, ಇಬ್ಬರೂ ನೆಟ್ಟಗೆ ಅಟೆನ್ಶನ್ನಿನಲ್ಲಿ ನಿಂತು, ಹಾಡು ಮುಗಿದದ್ದೇ ಚೀಲ ಎತ್ತಿಕೊಂಡು ಸಾಲಿನಿಂದ ಹೊರಟೆವು. ಜನ ಮಂಡಿ ತಿರುಗಿಸಿ ದಾರಿ ಬಿಟ್ಟರು. ಅಷ್ಟರಲ್ಲಿ ಎಲ್ಲರೂ ಮತ್ತೆ ಕೂತಿದ್ದರು. ಅದು ಕೂತು ಬೇಸತ್ತವರು ಮೈ ಮುರಿಯಲು ಏಳುವ ವಾಡಿಕೆಯಂತೆ. ವಾಲ್ಟರ್ ನಗು ನುಂಗಿಕೊಂಡು ಕೆಮ್ಮಿದ. ಮಲ್ಲುವನ್ನು ಅಷ್ಟು ಅವಸರದಲ್ಲಿ ಎಬ್ಬಿಸಿ ಮತ್ತೆ ಕೂರಿಸುವಾಗ ನನಗೆ ನಗು ಬರಲಿಲ್ಲ.

ಆಟ ಮುಗಿದು ಜನ ಕರಗಿದ ಮೇಲೂ ವಾಲ್ಟರ್ ಏಳಲಿಲ್ಲ. ಎದುರು ತಂಡದವರು ಕೂರುವ ಜಾಗ ತೋರಿಸಿದ. ನೆಲದೊಳಕ್ಕೆ ಇಳಿಸಿ ಕಟ್ಟಿದ ಉದ್ದನೆಯ ಗೂಡು, ಒಳಗೆ ಒಂದು ಬೆಂಚು. ಅಲ್ಲೇ, ಎಂದ.

ಆ ಆಟಗಾರ ನ್ಯೂಯಾರ್ಕ್ ತಂಡದವನು. ಹದಿನಾಲ್ಕು ವರ್ಷ, ಎರಡು ಸಾವಿರಕ್ಕೂ ಹೆಚ್ಚು ಆಟ, ಒಂದನ್ನೂ ತಪ್ಪಿಸದೆ ಆಡಿದ. ಬೆರಳು ಮುರಿದಾಗಲೂ ಆಡಿದ, ಬೆನ್ನು ಹಿಡಿದಾಗಲೂ ಆಡಿದ. ಈ ದಾಖಲೆ ಮಾತ್ರ ಪ್ರಪಂಚ ಇರುವವರೆಗೂ ಮುರಿಯುವುದಿಲ್ಲ ಎಂದ ವಾಲ್ಟರ್. ಆಮೇಲೆ ಒಂದು ವಸಂತದಲ್ಲಿ ಅವನ ಕೈಗೆ ಬಂದ ಚೆಂಡು ಜಾರತೊಡಗಿತು. ಶೂ ದಾರ ಕಟ್ಟಲು ತಡವರಿಸಿದ. ಅವನಿಗೆ ಬಂದದ್ದು ಯಾವ ಕಾಯಿಲೆಯೆಂದು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. ತಂಡ ಈ ಊರಿಗೆ ಆಡಲು ಬಂದಾಗ, ಇದೇ ಮೈದಾನದಲ್ಲಿ, ಅವನಿಲ್ಲದೆ ಆಟ ಶುರುವಾಯಿತು. ವಾಲ್ಟರ್ ಅವತ್ತು ಇಲ್ಲೇ ಕೂತಿದ್ದ. ಮೈಕಿನಲ್ಲಿ ಹೇಳಿದಾಗ ಜನ ಮೊದಲು ನಂಬಲಿಲ್ಲ, ಆಮೇಲೆ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅವನು ಆ ಬೆಂಚಿನ ಮೇಲೆ ಕೂತು ಅತ್ತ. ಎರಡು ವರ್ಷಕ್ಕೆ ತೀರಿಕೊಂಡ.

ಮಲ್ಲು ಬೆಂಚನ್ನೇ ನೋಡುತ್ತಿದ್ದ. "ಆಡಬೇಡ ಅಂತ ಅವ್ನಿಗೆ ಯಾರು ಹೇಳಿದ್ದು, ಕೇಳಕ್ಕ."

ಯಾರೂ ಹೇಳಲಿಲ್ಲ ಎಂದ ವಾಲ್ಟರ್. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವನೇ ಮ್ಯಾನೇಜರನ ಹತ್ತಿರ ಹೋಗಿ ಇವತ್ತು ನನ್ನನ್ನು ಬಿಡಿ, ತಂಡಕ್ಕೆ ಅದೇ ಒಳ್ಳೆಯದು ಎಂದ. ಅವನಿಲ್ಲದೆ ಅವನ ತಂಡ ಅವತ್ತು ಗೆದ್ದಿತೇ ಎಂದು ಮಲ್ಲು ಕೇಳಿಸಿದ. ವಾಲ್ಟರ್ ಟೋಪಿಯ ಅಂಚನ್ನು ತಿರುಗಿಸುತ್ತಾ ಕೂತ. ಭಾರಿ ಗೆಲುವು, ನಮ್ಮವರನ್ನು ಪುಡಿ ಮಾಡಿದರು ಎಂದ.

ಮರುದಿನ ಬೆಳಿಗ್ಗೆ

ಭಾನುವಾರ ಮಲ್ಲು ಸ್ನಾನ ಮಾಡಿ, ವಿಭೂತಿ ಧರಿಸಿ, ಎಂದಿನಂತೆ ಕೂತ. ನಾನು ಎದುರು ಕೂತು ಮಣಿಕಟ್ಟಿಗೆ ಕೈ ಚಾಚಿದೆ. ಅವನು ಕೈ ಕೊಡಲಿಲ್ಲ. ಬಲಗೈಯಲ್ಲಿ ಕರಡಿಗೆಯನ್ನು ನನ್ನ ಕಡೆ ಸರಿಸಿದ.

"ಇವತ್ತು ನೀನು ಮಾಡಕ್ಕ. ನಾನು ನೋಡ್ತಾ ಕೂತಿರ್ತೀನಿ."

ಅವನ ಲಿಂಗವನ್ನು ನಾನು ಮುಟ್ಟುವುದು ಎಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ಬೈದೆ. ನಾನು ಹಿಡಿದಿರುವಾಗ ನಿನಗೇನು ಕಷ್ಟ, ಇಷ್ಟು ವರ್ಷ ತಪ್ಪಿಸದವನು ನಾಳೆ ಬೋಸ್ಟನ್ ಇಟ್ಟುಕೊಂಡು ಇವತ್ತು ಬಿಡುತ್ತೀಯಾ ಎಂದು ರೇಗಿದೆ. ಅವನು ಎಲ್ಲ ಕೇಳಿಸಿಕೊಂಡ.

"ಕೈ ನಿಂದು, ಲೆಕ್ಕ ನಂದು ಅಂದ್ರೆ ಶಿವ ನಗ್ತಾನೆ ಕಣಕ್ಕ," ಎಂದ. "ಬೀಳೋ ತನಕ ಕಾಯಬಾರ್ದು. ನಾನಾಗೇ ಬಿಡ್ತೀನಿ."

ಗಿರಿಜ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡಿದೆ, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಪೂಜೆಯಾಗದೆ ಅವನು ನೀರು ಕುಡಿಯುವುದಿಲ್ಲ. ಆಗಲೇ ಅವನ ತುಟಿ ಒಣಗಿತ್ತು. ನಾನು ಮುಚ್ಚಳ ತೆಗೆದೆ. ನನ್ನ ತಮ್ಮನ ಲಿಂಗವನ್ನು ನನ್ನ ಎಡ ಅಂಗೈ ಮೇಲಿಟ್ಟುಕೊಂಡೆ. ನಮ್ಮವರಲ್ಲಿ ಸತ್ತವರನ್ನು ಮಣ್ಣು ಮಾಡುವಾಗ ಅವರ ಲಿಂಗವನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾರೆ. ಇನ್ನೊಬ್ಬರ ಕೈಗೆ ಅದು ಬರುವುದು ಆಗ. ಅದು ನೆನಪಾಗದಿರಲಿ ಎಂದು ಹಲ್ಲು ಕಚ್ಚಿದೆ, ನೆನಪಾಯಿತು.

ನನ್ನ ಸ್ವಂತ ಪೂಜೆಯಲ್ಲಿ ನಾನು ಬೇಕಾದಷ್ಟು ಬೇಡಿಕೊಂಡವಳು. ಮಲ್ಲುವಿಗೆ ಹೆಣ್ಣು ಸಿಗಲಿ, ಅಮ್ಮನ ಕಣ್ಣು ಸರಿಹೋಗಲಿ, ಹೊಸ ಹೆಡ್‌ಮಿಸ್ ವರ್ಗವಾಗಿ ಹೋಗಲಿ. ಆ ಬೆಳಿಗ್ಗೆ ಅವನ ಲಿಂಗ ನನ್ನ ಕೈಯಲ್ಲಿದ್ದಾಗ ಏನೂ ಕೇಳಲು ಆಗಲಿಲ್ಲ. ಕೈ ವಾಪಸ್ಸು ಕೊಡು ಎಂದು ಕೇಳುವ ನಂಬಿಕೆ ನನ್ನಲ್ಲಿ ಉಳಿದಿರಲಿಲ್ಲ. ಸುಮ್ಮನೆ ನೀರೆರೆದೆ, ವಿಭೂತಿ ಹಚ್ಚಿದೆ, ಹೂವಿಟ್ಟೆ. ಅವನು ಎದುರು ಕೂತು ಕಣ್ಣು ಮಿಟುಕಿಸದೆ ನೋಡಿದ. ಮುಗಿದ ಮೇಲೆ ಅವನ ಕೊರಳಿಗೆ ಕಟ್ಟಿ ನೀರು ಕುಡಿಸಿದೆ.

"ಊರಿಗೆ ಹೋಗೋಣಕ್ಕ," ಎಂದ. "ಮಗೂನ ನೋಡ್ಬೇಕು. ಎತ್ತಿಕೊಳ್ಳಕ್ಕೆ ಬಲಗೈ ಇರೋವಾಗ್ಲೇ ಹೋಗ್ಬಿಡೋಣ."

ಬೋಸ್ಟನ್ ಅವನಿಗಾಗಿ ಅಲ್ಲ, ನನಗಾಗಿ ಎಂದು ಅವನಿಗೆ ಮೊದಲೇ ತಿಳಿದಿತ್ತು. ಕೆಳಗೆ ಹೋಗಿ ಗಿರಿಜಳ ಗಂಡನಿಂದ ಅಲ್ಲಿನ ಆಸ್ಪತ್ರೆಯ ನಂಬರು ತೆಗೆದುಕೊಂಡೆ. ನಾನು ಮಾಡುತ್ತೇನೆ ಬಿಡಿ ಅಕ್ಕ ಎಂದರು ಅವರು. ಬೇಡ, ನಾನೇ ಹೇಳಬೇಕು ಎಂದು ಫೋನ್ ತಿರುಗಿಸಿದೆ. ಭಾನುವಾರವಾದರೂ ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ಎತ್ತಿಕೊಂಡಳು. ಮಲ್ಲಿಕಾರ್ಜುನ ಎಂಬ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ನಾಳೆ ನಾವು ಬರುವುದಿಲ್ಲ ಎಂದೆ. ಅವಳು ಬಹಳ ಮರ್ಯಾದೆಯಿಂದ ಹಾಗಾದರೆ ಯಾವ ದಿನಕ್ಕೆ ಬದಲಾಯಿಸಲಿ ಎಂದು ಕೇಳಿದಳು.

ಯಾವ ದಿನವೂ ಬೇಡ ಎಂದೆ.